ಮೂರನೆಯ ಕಳ್ಳ, ಹೋಟೆಲ್ ಗುಮಾಸ್ತ, ನೆರೆಮನೆಯ ಮುದುಕ

ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ. ಲಾಸ್ ಏಂಜಲೀಸಿನ ಉತ್ತರಕ್ಕೆ, ಬಂಡೆಗಳ ನಡುವೆ, ಒಂದು ಒಣ ಓಕ್ ಮರ. ಅದರ ಕೊಂಬೆಯಿಂದ ಇಳಿಬಿದ್ದ ಹಗ್ಗದ ಕುಣಿಕೆ ಆಲ್ಡೆನ್ ಕ್ರೌಡರ್ ಅವರ ಕೊರಳಲ್ಲಿದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದಾರೆ. ಕೂತಿರುವುದು ಬಿಳಿ ಮೂತಿಯ ಮುದಿ ಕುದುರೆಯೊಂದರ ಮೇಲೆ. ಚಳಿಗೆ ಕುದುರೆಯ ಮೂಗಿನಿಂದಲೂ ಅವರ ಬಾಯಿಂದಲೂ ಹಬೆ ಏಳುತ್ತಿದೆ.

"ಯಜಮಾನ್ರೇ, ಬಿಗಿ ಆಯ್ತಾ?" ಹಗ್ಗ ಕಟ್ಟುವ ಒರಿನ್ ಕೇಳುತ್ತಾನೆ.

"ಹಗ್ಗ ಪರವಾಗಿಲ್ಲಪ್ಪ. ಮೂಗು ತುರಿಸ್ತಿದೆ. ಸ್ವಲ್ಪ ಕೆರೀತೀಯಾ?"

ಒರಿನ್ ಏಣಿಯ ಮೇಲಿಂದ ಬಾಗಿ ಮೂಗು ಕೆರೆದುಕೊಡುತ್ತಾನೆ. ದೀಪದವರು, ಕುದುರೆಯವರು ನಗುತ್ತಾರೆ. "ಸಾಯೋದ್ರಲ್ಲಿ ನಿಮ್ಮಷ್ಟು ಅನುಭವ ಇರೋರು ಈ ಊರಲ್ಲೇ ಇಲ್ಲ ಬಿಡಿ," ಎಂದು ಒರಿನ್ ಕೆಣಕುತ್ತಾನೆ.

"ಸತ್ತು ಸಂಜೆ ಬಸ್ಸು ಹಿಡಿಯೋದ್ರಲ್ಲೂ ಅಷ್ಟೇ ಅನುಭವ ಇದೆ ಕಣಪ್ಪ."

ಈ ಚಿತ್ರದಲ್ಲಿ ಅವರು ಮೂರನೆಯ ಕಳ್ಳ. ಮೊದಲನೆಯ ಕಳ್ಳನಿಗೆ ಸಾಯುವ ಮುಂಚೆ ಒಂದು ಭಾಷಣವಿದೆ. ಎರಡನೆಯವನು ಅಳುತ್ತಾನೆ. ಮೂರನೆಯವನು ಬರೀ ಸಾಯುತ್ತಾನೆ. ನಾಯಕನಟ ಇನ್ನೂ ತನ್ನ ಗಾಡಿಯೊಳಗೆ ಬೆಚ್ಚಗೆ ಮಲಗಿದ್ದಾನೆ. ಬಿಸಿಲು ಸರಿಯಾದ ಮೇಲೆ ಎದ್ದು ಬಂದು, ಕ್ಯಾಮೆರಾದ ಮುಂದೆ ನಿಂತು ನ್ಯಾಯದ ಬಗ್ಗೆ ನಾಲ್ಕು ಮಾತು ಆಡುತ್ತಾನೆ. ಅವನ ಭುಜದ ಹಿಂದೆ, ದೂರದಲ್ಲಿ, ಮಸುಕಾಗಿ ತೂಗುವ ಮೂವರಲ್ಲಿ ಕ್ರೌಡರ್ ಎಡಗಡೆಯವರು. ಆ ಹೊತ್ತಿಗೆ ಕುದುರೆ ಸರಿದು ಹೋಗಿರುತ್ತದೆ. ಕೋಟಿನೊಳಗೆ ತೊಡಿಸಿರುವ ಚರ್ಮದ ಪಟ್ಟಿ ಅವರ ಭಾರ ಹೊರುತ್ತದೆ. ಅರವತ್ತು ದಾಟಿದ ಮೈಗೆ ಆ ಪಟ್ಟಿಯ ಗುರುತು ವಾರವಾದರೂ ಮಾಸುವುದಿಲ್ಲ.

ಆಲ್ಡೆನ್ ಕ್ರೌಡರ್ ಎಂಬ ಹೆಸರು ಓದುಗರಿಗೆ ಏನನ್ನೂ ಹೇಳಲಿಕ್ಕಿಲ್ಲ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯಾದರೂ ಚಿತ್ರಮಂದಿರಕ್ಕೆ ಹೋದವರು ಈ ಮುಖವನ್ನು ನೋಡಿಯೇ ಇರುತ್ತಾರೆ. ಉದ್ದ ಕೆನ್ನೆ, ಕೊಂಚ ಇಳಿದ ಎಡಹುಬ್ಬು, ಈಗಷ್ಟೇ ಯಾರೋ ಗದರಿದ್ದಾರೆ ಅನ್ನಿಸುವಂಥ ಕಣ್ಣು. ನಾಯಕಿ ಮಳೆಯಲ್ಲಿ ನೆನೆದು ಬಂದಾಗ ಕೋಣೆಯ ಬೀಗದ ಕೈ ಕೊಡುವ ಹೋಟೆಲ್ ಗುಮಾಸ್ತ ಇವರೇ. ಮೆಟ್ಟಿಲು ಇಳಿದು ಬಂದು ತಲೆ ಅಲ್ಲಾಡಿಸುವ ಡಾಕ್ಟರು ಇವರೇ. ದರೋಡೆಯ ಚಿತ್ರಗಳಲ್ಲಿ ಎಲ್ಲರಿಗಿಂತ ಮೊದಲು ಗುಂಡು ತಿನ್ನುವ ತಂತಿ ಕಚೇರಿಯವರೂ ಇವರೇ. ಪರದೆಯ ಮೇಲೆ ಅವರ ಹೆಸರು ಬರುವುದೇ ಅಪರೂಪ. ಬಂದರೂ ಕೊನೆಯಲ್ಲಿ, ಜನ ಸೀಟಿನಡಿ ಟೋಪಿ ಹುಡುಕುವ ಹೊತ್ತಿಗೆ.

ಚಿತ್ರೀಕರಣ ಮುಗಿಸಿ ಊರಿಗೆ ಮರಳಿದ ಕ್ರೌಡರ್ ಹಾಲಿವುಡ್ಡಿನಲ್ಲಿ ಔಷಧಿಯ ಜೊತೆ ಊಟತಿಂಡಿಯೂ ಸಿಗುವ ಅಂಗಡಿಯೊಂದರ ತಿಂಡಿ ಕಟ್ಟೆಯಲ್ಲಿ ಕೂತು ಮೊಟ್ಟೆ, ಸುಟ್ಟ ರೊಟ್ಟಿ, ಕಾಫಿ ತರಿಸಿಕೊಳ್ಳುತ್ತಾರೆ. ಪಕ್ಕದ ಎತ್ತರದ ಸ್ಟೂಲಿನ ಮೇಲಿರುವ ದಪ್ಪ ಮನುಷ್ಯ ಅವರನ್ನೇ ದಿಟ್ಟಿಸುತ್ತಾನೆ. ಕೊನೆಗೆ ತಡೆಯಲಾರದೆ ಕೇಳುತ್ತಾನೆ:

"ಸ್ವಾಮಿ, ನಿಮ್ಮನ್ನ ಎಲ್ಲೋ ನೋಡಿದೀನಿ. ಫ್ರೆಸ್ನೋದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದೋರಲ್ವಾ?"

"ಹೌದೌದು," ಎನ್ನುತ್ತಾರೆ ಕ್ರೌಡರ್.

"ಅದೇ ಅಂದ್ಕೊಂಡೆ! ನಿಮ್ಮ ಹತ್ರ ಒಂದು ನೀರಿನ ಪಂಪು ತಗೊಂಡಿದ್ದೆ. ಇವತ್ತಿಗೂ ಓಡ್ತಿದೆ ನೋಡಿ."

"ಒಳ್ಳೇದಾಯ್ತು. ಅಂಗಡಿ ಮಾರಿಬಿಟ್ಟೆ."

"ಅಯ್ಯೋ, ಯಾಕೆ ಮಾರಿದ್ರಿ? ಒಳ್ಳೇ ಅಂಗಡಿ."

ದಪ್ಪ ಮನುಷ್ಯ ಖುಷಿಯಿಂದ ಕೈ ಕುಲುಕಿ ಹೋಗುತ್ತಾನೆ. ನಿಜ ಹೇಳಬಹುದಿತ್ತಲ್ಲ ಎಂದು ಈ ಲೇಖಕ ಕೇಳಿದರೆ ಕ್ರೌಡರ್ ರೊಟ್ಟಿಗೆ ಬೆಣ್ಣೆ ಸವರುತ್ತಲೇ ಉತ್ತರಿಸುತ್ತಾರೆ: "ಹೇಳಿ ನೋಡಿದೀನಿ. ಯಾವ ಪಿಕ್ಚರು ಅಂತಾರೆ. ಹೇಳಿದ್ರೆ, ಅದ್ರಲ್ಲಿ ಯಾರು ಅಂತಾರೆ. ಅದನ್ನೂ ಹೇಳಿದ್ರೆ ನೆನಪಾಗಲ್ಲ, ಪಾಪ, ಅವರಿಗೇ ಮುಜುಗರ. ಪಂಪು ಮಾರಿದೋನಾದ್ರೆ ಇಬ್ಬರಿಗೂ ನೆಮ್ಮದಿ."

ಹೀಗೆ ಅವರು ಪೋರ್ಟ್‌ಲ್ಯಾಂಡಿನ ಪಾದ್ರಿಯಾಗಿದ್ದಾರೆ, ಯಾರದೋ ಸೈನ್ಯದ ಅಡುಗೆಯವರಾಗಿದ್ದಾರೆ, ಒಬ್ಬ ಹೆಂಗಸಿನ ಮೊದಲ ಗಂಡನ ಚಿಕ್ಕಪ್ಪನೂ ಆಗಿದ್ದಾರೆ. ಆಕೆ ಟ್ರಾಮಿನಲ್ಲಿ ಎಲ್ಲರೆದುರು, "ನಿಮ್ಮ ಹುಡುಗನಿಗೆ ಬುದ್ಧಿ ಹೇಳೋಕಾಗ್ಲಿಲ್ವಾ ನಿಮಗೆ?" ಎಂದು ತರಾಟೆಗೆ ತೆಗೆದುಕೊಂಡಳಂತೆ. ಕ್ರೌಡರ್ ತಲೆ ತಗ್ಗಿಸಿ ಕ್ಷಮೆ ಕೇಳಿ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರು.

ಅವರ ಊರು ನೆಬ್ರಾಸ್ಕಾದಲ್ಲಿ, ರೈಲು ನೀರು ತುಂಬಿಸಿಕೊಳ್ಳಲೆಂದು ನಿಲ್ಲುತ್ತಿದ್ದ ಪುಟ್ಟ ಜಾಗ. ತಂದೆ ಕ್ಷೌರಿಕರು. ಹದಿನೆಂಟರ ವಯಸ್ಸಿನಲ್ಲಿ ಊರಿಗೆ ಬಂದ ಡೇರೆ ನಾಟಕದ ಕಂಪನಿಯ ಜೊತೆ ಹೊರಟುಬಿಟ್ಟರು. ಗೋಧಿ ಕೊಯ್ಲಾದ ಊರಿಂದ ಊರಿಗೆ ಡೇರೆ ಹೂಡಿ, ಕಿತ್ತು, ಮತ್ತೆ ಹೂಡುವ ಬಾಳು. ಅಲ್ಲೇ ವರ್ನಾ ಸಿಕ್ಕಳು. ಅವಳು ನಾಯಕಿ. ಕ್ರೌಡರ್ ಇಪ್ಪತ್ತೈದಕ್ಕೇ ತಲೆಗೆ ಹಿಟ್ಟು ಹಚ್ಚಿಕೊಂಡು ಅವಳ ತಂದೆಯ ಪಾರ್ಟು ಮಾಡುತ್ತಿದ್ದರು. "ಮದುವೆಯಾದ ಮೇಲೂ ದಿನಾ ಸಂಜೆ ಅವಳನ್ನ ಇನ್ಯಾರಿಗೋ ಧಾರೆ ಎರೆದು ಕೊಡ್ತಿದ್ದೆ," ಎಂದು ನಗುತ್ತಾರೆ.

ಮಾತಾಡುವ ಚಿತ್ರಗಳು ಬಂದವು, ಡೇರೆ ಮುಚ್ಚಿತು. ಇಬ್ಬರೂ ಹಳೆಯ ಕಾರಿನಲ್ಲಿ ಮರುಭೂಮಿ ದಾಟಿ ಇಲ್ಲಿಗೆ ಬಂದರು. ಸುಂದರಿಯಾದ ವರ್ನಾಗೆ ಕೆಲಸ ಸಿಗುತ್ತದೆ, ಇವರು ಅವಳ ಪೆಟ್ಟಿಗೆ ಹೊರುತ್ತಾರೆ ಎಂದು ಇಬ್ಬರೂ ಅಂದುಕೊಂಡಿದ್ದರು. ಆದದ್ದೇ ಬೇರೆ. ಪಾತ್ರ ಹಂಚುವ ಅಧಿಕಾರಿಯೊಬ್ಬ ವರ್ನಾಳನ್ನು ದಾಟಿ ಹೋಗಿ, ಹಿಂದೆ ನಿಂತಿದ್ದ ಇವರ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ. "ಈ ಮುಖ ಇದ್ರೆ ಯಾರೂ ಹೀರೋ ಕಡೆಯಿಂದ ಕಣ್ಣು ತೆಗೆಯಲ್ಲ. ಇಂಥದ್ದೇ ಬೇಕಿತ್ತು ನಂಗೆ," ಎಂದ. ಕ್ರೌಡರ್ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ವರ್ನಾ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಹೆಂಗಸರ ಟೋಪಿ ಮಾರುವ ಕೆಲಸಕ್ಕೆ ಸೇರಿದಳು.

ಯುದ್ಧದ ಕಾಲಕ್ಕೆ ಅವಳು ಬಿಟ್ಟು ಹೋದಳು. ಜಗಳ ಆಗಲಿಲ್ಲ. ಪೆಟ್ಟಿಗೆ ಕಟ್ಟಿ ಮುಗಿಸಿದ ಮೇಲೆ ಅವಳು ಕೋಣೆಯ ಮಧ್ಯೆ ನಿಂತು, "ನಿನ್ನನ್ನೇ ನೋಡ್ಕೋ. ನಾನು ಮನೆ ಬಿಟ್ಟು ಹೋಗ್ತಿದೀನಿ, ಈಗಲೂ ಬಾಗಿಲ ಹತ್ರ ನಿಂತಿದೀಯ, ನಿನ್ನ ಡೈಲಾಗು ಯಾವಾಗ ಬರುತ್ತೆ ಅಂತ," ಎಂದಳಂತೆ.

"ಅವಳು ಹೇಳಿದ್ರಲ್ಲಿ ತಪ್ಪೇನಿಲ್ಲ," ಎನ್ನುತ್ತಾರೆ ಕ್ರೌಡರ್. "ನಿಜವಾಗ್ಲೂ ಬಾಗಿಲ ಹತ್ರಾನೇ ನಿಂತಿದ್ದೆ."

ವರ್ನಾ ಈಗ ಒರೆಗಾನ್‌ನಲ್ಲಿ ಒಬ್ಬ ದಂತವೈದ್ಯನ ಹೆಂಡತಿ. ಕ್ರಿಸ್ಮಸ್ ದಿನ ಫೋನು ಮಾಡುತ್ತಾಳೆ. ಅವಳದಾದ ಮೇಲೆ ವೈದ್ಯನೂ ಫೋನು ತೆಗೆದುಕೊಂಡು, "ಹಲ್ಲು ಹೇಗಿದೆ?" ಎಂದು ವಿಚಾರಿಸುತ್ತಾನೆ. "ಒಳ್ಳೇ ಮನುಷ್ಯ," ಎನ್ನುತ್ತಾರೆ ಇವರು. ಹಬ್ಬದ ಆ ದಿನದ ಮಾತುಕತೆ ಅಲ್ಲಿಗೆ ಮುಗಿಯುತ್ತದೆ.

ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಸಾಲುಮನೆಗಳಲ್ಲಿ ಕೊನೆಯದು ಅವರದು. ಒಂದು ಕೋಣೆ, ಮೂಲೆಯಲ್ಲಿ ಗ್ಯಾಸಿನ ಒಲೆ. ಮೇಜಿಗೆ ಎರಡು ಕುರ್ಚಿ. ಎರಡನೆಯದರ ಮೇಲೆ ಇಸ್ತ್ರಿ ಮಾಡಿದ ಅಂಗಿಗಳನ್ನು ಪೇರಿಸಿಟ್ಟಿದ್ದಾರೆ. ಡಬ್ಬಿಯ ಸೂಪನ್ನು ಬಿಸಿ ಮಾಡಿ ಒಲೆಯ ಪಕ್ಕದಲ್ಲೇ ನಿಂತು ಕುಡಿಯುತ್ತಾರೆ. ಮನೆಯಲ್ಲಿ ಕೂತು ಉಣ್ಣುವುದು ಮರೆತುಹೋಗಿದೆಯಂತೆ. ಚಿತ್ರಗಳಲ್ಲೂ ಅಷ್ಟೇ. ಊಟದ ಮೇಜಿನ ದೃಶ್ಯಗಳಲ್ಲಿ ಅವರದು ಬಡಿಸುವ ಪಾತ್ರ, ಇಲ್ಲವೇ ಮಧ್ಯದಲ್ಲಿ ಬಾಗಿಲು ತಟ್ಟಿ ಕೆಟ್ಟ ಸುದ್ದಿ ತರುವ ಪಾತ್ರ. ತಿಂಡಿ ಕಟ್ಟೆಯಲ್ಲಿ ಒಂದು ಕಾಲಕ್ಕೆ ಅವರಂಥವರದೇ ಗುಂಪಿತ್ತು. ಪೊಲೀಸು, ಬಟ್ಲರು, ಕುಡುಕ, ಜಡ್ಜು, ಎಲ್ಲರೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಕೆಲವರು ತೀರಿಕೊಂಡರು. ಸ್ಟುಡಿಯೋಗಳು ಕಾಯಂ ನಟರನ್ನು ಕೈಬಿಟ್ಟಾಗ ಇನ್ನು ಕೆಲವರು ಊರಿಗೆ ಹೋದರು. ಮಿಕ್ಕವರು ಟೆಲಿವಿಷನ್ನಿನಲ್ಲಿ ಸೋಪಿನ ಜಾಹೀರಾತು ಮಾಡುತ್ತಾರೆ. ಈಗ ಆ ಸಾಲಿನಲ್ಲಿ ಕ್ರೌಡರ್ ಒಬ್ಬರೇ.

ಹೋದ ವರ್ಷ ಶರತ್ಕಾಲದ ಒಂದು ಮಧ್ಯಾಹ್ನದ ಬಗ್ಗೆ ಅವರು ತಾವಾಗಿ ಹೇಳುವುದಿಲ್ಲ. ಆ ಮಾತು ಹೊರಬರಲು ಮೂರು ಭೇಟಿ ಬೇಕಾಯಿತು.

ಅಂದು ಸ್ಟುಡಿಯೋದಲ್ಲಿ ಅವರು ಹೋಟೆಲ್ ಗುಮಾಸ್ತ. ಗೇಟಿನ ಕಾವಲುಗಾರ ಫೋನು ಮಾಡಿದ: "ಮಿಸ್ಟರ್ ಕ್ರೌಡರ್, ನಿಮ್ಮ ತಂಗಿ ಬಂದಿದ್ದಾರೆ."

"ನಂಗೆ ತಂಗಿ ಇಲ್ವಲ್ಲಪ್ಪ."

"ಅದನ್ನ ನೀವೇ ಬಂದು ಹೇಳಿ. ಕ್ಯಾನ್ಸಸ್‌ನಿಂದ ಬಸ್ಸಲ್ಲಿ ಬಂದಿದ್ದಾರಂತೆ. ಒಳಗೆ ಬಂದು ಕೂತ್ಕೊಳ್ಳಿ ಅಂದ್ರೆ ಕೂರ್ತಿಲ್ಲ, ಕೈಯಲ್ಲಿರೋ ಚೀಲ ಕೆಳಗಿಡ್ತಿಲ್ಲ."

ಕ್ರೌಡರ್ ಗುಮಾಸ್ತನ ವೇಸ್ಟ್‌ಕೋಟಿನಲ್ಲೇ ಗೇಟಿಗೆ ಹೋದರು. ಬಿಸಿಲಿನಲ್ಲಿ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟ, ಕುಳ್ಳಗಿನ, ಹೆಚ್ಚುಕಡಿಮೆ ಅವರದೇ ವಯಸ್ಸಿನ ಹೆಂಗಸು. ಆಕೆ ಅವರನ್ನು ಬಹಳ ಹೊತ್ತು ನೋಡಿ, "ರಾಯ್?" ಎಂದರು.

"ಹೌದು," ಎಂದರು ಕ್ರೌಡರ್.

ಯಾಕೆ ಹಾಗಂದಿರಿ ಎಂದು ಕೇಳಿದರೆ, "ಅಭ್ಯಾಸ," ಎನ್ನುತ್ತಾರೆ. ಕಾಫಿಯ ಬಟ್ಟಲನ್ನು ತಿರುಗಿಸುತ್ತಾ ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುತ್ತಾರೆ. "ಅಲ್ಲ. ಆಕೆ ಕರೆದ ರೀತಿ ಹಾಗಿತ್ತು. ಯಾರೇ ಆಗಿದ್ರೂ ಹೌದು ಅಂತಿದ್ರು."

ಆಕೆಯ ಹೆಸರು ಐಡಾ. ಸ್ಟುಡಿಯೋದ ಊಟದ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಸುತ್ತ ರೋಮನ್ ಸೈನಿಕರು, ಗರಿ ಮುಡಿದ ನರ್ತಕಿಯರು ತಟ್ಟೆ ಹಿಡಿದು ಓಡಾಡುತ್ತಿದ್ದರು. ಐಡಾ ಅವರತ್ತ ತಿರುಗಿಯೂ ನೋಡಲಿಲ್ಲ.

"ಎಷ್ಟು ಸೊರಗಿದೀಯೋ! ಹೊಟ್ಟೆಗೆ ತಿಂತೀಯೋ ಇಲ್ವೋ? ತಗೋ," ಎಂದು ತನ್ನ ತಟ್ಟೆಯ ಮಾಂಸದ ಹೋಳನ್ನು ಇವರ ತಟ್ಟೆಗೆ ದಾಟಿಸಿದರು.

ಮಾತಾಡಿದ್ದೆಲ್ಲ ಐಡಾ. ಅಪ್ಪ ಹೋದದ್ದು, ಕೆರೆಯ ಪಕ್ಕದ ಹೊಲ ಮಾರಿದ್ದು, ಅಮ್ಮ ಪ್ರತಿ ವಸಂತಕ್ಕೂ ರಾಯ್‌ನ ಬೂಟುಗಳಿಗೆ ಎಣ್ಣೆ ಉಜ್ಜಿಡುತ್ತಿದ್ದದ್ದು. ಕ್ರೌಡರ್ "ಹ್ಞೂಂ" ಎನ್ನುತ್ತಿದ್ದರು. ಊರು ಯಾವುದು ಎಂದು ಕೇಳುವಂತಿಲ್ಲ, ರಾಯ್‌ಗೆ ಗೊತ್ತಿರಬೇಕಲ್ಲ. ಮನೆತನದ ಹೆಸರನ್ನೂ ಕೇಳುವಂತಿಲ್ಲ. ಐಡಾ "ನಮ್ಮೂರು" ಎಂದಾಗಲೆಲ್ಲ ಇವರು ತಲೆಯಾಡಿಸಿದರು. ತಾನು ಮಾಡುತ್ತಿರುವುದು ಪಾಪ ಎಂದು ಗೊತ್ತಿತ್ತು. ಆದರೂ, ಒಬ್ಬರು ತನ್ನ ತಟ್ಟೆಯ ಕಡೆ ನೋಡುತ್ತಾ, ಸರಿಯಾಗಿ ಉಣ್ಣುತ್ತಿದ್ದಾನೋ ಇಲ್ಲವೋ ಎಂದು ಗಮನಿಸುತ್ತಾ ಕೂತು ಎಷ್ಟು ಕಾಲವಾಗಿತ್ತೋ.

ಆಮೇಲೆ ಐಡಾ ಚಮಚ ಕೆಳಗಿಟ್ಟರು.

"ಅವತ್ತು ಅಪ್ಪ ನಿಂಗೆ ಹೊಡೆದದ್ದು ತಪ್ಪೇ ಅನ್ನು. ಆದ್ರೆ ನಾನೇನು ಮಾಡಿದ್ನೋ? ಬೇಲಿ ಹತ್ತಿ ನಿಂತು ಗಂಟಲು ಹರಿಯೋ ಹಾಗೆ ಕೂಗಿದೆ. ರಸ್ತೆ ತಿರುವಿನವರೆಗೂ ಕೂಗಿದೆ. ಯಾಕೋ ಒಂದು ಸಲಾನೂ ತಿರುಗಿ ನೋಡ್ಲಿಲ್ಲ?"

ಈ ಪ್ರಶ್ನೆಗೆ "ಹ್ಞೂಂ" ಎನ್ನಲಾಗಲಿಲ್ಲ. ಏನಾದರೊಂದು ಉತ್ತರ ಕಟ್ಟಿ ಹೇಳಬಹುದಿತ್ತು. ಇಷ್ಟು ವರ್ಷ ಬೇರೆಯವರ ಮಾತುಗಳನ್ನು ಬಾಯಿಪಾಠ ಮಾಡಿದ ಮನುಷ್ಯ. ಆದರೆ ಅದು ರಾಯ್ ಕೊಡಬೇಕಾದ ಉತ್ತರ.

"ತಾಯೀ, ನಾನು ರಾಯ್ ಅಲ್ಲ," ಎಂದರು ಕ್ರೌಡರ್. "ತಪ್ಪಾಯ್ತು. ಗೇಟಲ್ಲೇ ಹೇಳಬೇಕಿತ್ತು."

ಐಡಾ ಬಟ್ಟೆಯಿಂದ ಬಾಯಿ ಒರೆಸಿಕೊಂಡು, ಅದನ್ನು ಮಡಿಸಿ ತಟ್ಟೆಯ ಪಕ್ಕ ಇಟ್ಟರು. "ಗೊತ್ತು," ಎಂದರು. "ನೀವು ಹೌದು ಅಂದ ಕೂಡಲೇ ಗೊತ್ತಾಯ್ತು. ನಮ್ಮ ರಾಯ್ ಆಗಿದ್ರೆ ಅಲ್ಲ ಅಂತಿದ್ದ."

"ಮತ್ತೆ... ಯಾಕೆ..."

"ಅಷ್ಟು ದೂರ ಬಸ್ಸಲ್ಲಿ ಕೂತು ಬಂದಿದೀನಿ. ಒಂದು ಊಟದ ಹೊತ್ತಾದ್ರೂ ಇಟ್ಕೊಳ್ಳೋಣ ಅನ್ನಿಸ್ತು. ನೀವೂ ಬೇಡ ಅನ್ನೋ ಹಾಗೆ ಕಾಣಲಿಲ್ಲ."

ಆಗ ಆಕೆ ಬಂದ ಕಾರಣ ತಿಳಿಯಿತು. ರಾಯ್ ಮನೆ ಬಿಟ್ಟಾಗ ಅವನಿಗೆ ಹತ್ತೊಂಬತ್ತು. ಅವನ ಒಂದು ಫೋಟೋ ಕೂಡ ಉಳಿದಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಶನಿವಾರ ಗಂಡನ ಜೊತೆ ಚಿತ್ರಕ್ಕೆ ಹೋದಾಗ ಪರದೆಯ ಮೇಲೆ ತಂತಿ ಕಚೇರಿಯವನೊಬ್ಬ ತಲೆ ಎತ್ತಿ ನೋಡಿದ. ಐಡಾ ಕತ್ತಲಲ್ಲಿ ಎದ್ದು ನಿಂತುಬಿಟ್ಟರು. ಹಿಂದಿನವರು ಕೂಗಾಡಿ ಕೂರಿಸಿದರು.

"ಮೊದಲ ಸಲ ನೋಡಿದಾಗ ನಿಮ್ಮ ಕೂದಲು ಕಪ್ಪಗಿತ್ತು," ಎಂದು ಆಕೆ ಹೇಳಿದರು. "ಆಮೇಲೆ ಕಿವಿ ಹತ್ರ ನರೆ ಬಂತು. ನಡೆಯುವಾಗ ಬಲಗಾಲು ಎಳೆಯೋಕೆ ಶುರು ಮಾಡಿದ್ರಿ. ಅವನೂ ಎಲ್ಲೋ ಹೀಗೇ ಮುದುಕ ಆಗ್ತಿದ್ದಾನೆ ಅಂದ್ಕೊಳ್ತೀನಿ. ನಮ್ಮನೆಯವರಿದ್ದಾಗ ಹುಚ್ಚು ಅಂತ ನಗ್ತಿದ್ರು. ಅವರು ಹೋದ್ಮೇಲೆ, ಒಂದು ಪಿಕ್ಚರ್ ಕೊನೇಲಿ ಬಂದ ನಿಮ್ಮ ಹೆಸರು ಬರ್ಕೊಂಡು, ಒಂದ್ಸಲ ಹತ್ತಿರದಿಂದ ನೋಡಿ ಬರೋಣ ಅಂತ ಹೊರಟೆ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ತುಂಬ ಸಲ ಸಾಯ್ತೀರಿ. ನೀವು ಸತ್ತ ಪಿಕ್ಚರು ನೋಡಿ ಬಂದ್ರೆ ಇನ್ನೊಂದು ಬರೋವರೆಗೂ ನನ್ನ ಮನಸ್ಸು ಮನಸ್ಸಲ್ಲಿರಲ್ಲ."

ಅಷ್ಟರಲ್ಲಿ ನಿರ್ದೇಶಕರ ಸಹಾಯಕ ಬಂದು ಕರೆದ, ದೀಪಗಳು ಸಿದ್ಧವಾಗಿದ್ದವು. ಕ್ರೌಡರ್ ಗೇಟಿನವರೆಗೆ ಜೊತೆಗೆ ಹೋದರು. ಊರು, ವಿಳಾಸ, ಏನಾದರೂ ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡರು. ರಾಯ್ ಅಲ್ಲದವನಿಗೆ ಅದನ್ನು ಕೇಳುವ ಹಕ್ಕು ಎಲ್ಲಿಯದು ಎಂದು ನಾಲಿಗೆ ಕಚ್ಚಿಕೊಂಡರು. ಬಸ್ಸು ನಿಲ್ಲುವ ಕಡೆಗೆ ಹೊರಟ ಐಡಾ ನಾಲ್ಕು ಹೆಜ್ಜೆ ಹೋಗಿ, ತಿರುಗಿ, "ಹುಷಾರು ಕಣೋ," ಎಂದರು. ಏಕವಚನದಲ್ಲೇ.

ಅಂದಿನಿಂದ ಕ್ರೌಡರ್ ಬದಲಾಗಿದ್ದಾರೆಯೇ? ಮೇಲುನೋಟಕ್ಕೆ ಇಲ್ಲ. ಕೊಟ್ಟ ಪಾರ್ಟು ಮಾಡುತ್ತಾರೆ. ಸಾಯುವ ಪಾರ್ಟು ಬೇಡ ಎನ್ನುವಷ್ಟು ಅನುಕೂಲ ಅವರಿಗಿಲ್ಲ. "ಇವತ್ತೂ ನೇಣು ಹಾಕಿಸ್ಕೊಂಡೆ. ಬರೋ ವರ್ಷ ಆಕೆಗೆ ಗೊತ್ತಾಗುತ್ತೆ," ಎನ್ನುವಾಗ ಅವರ ದನಿ ತಪ್ಪು ಮಾಡಿ ಸಿಕ್ಕಿಬಿದ್ದವರದು. ಸಾಯುವ ಮುಂಚಿನ ದೃಶ್ಯಗಳಲ್ಲಿ ಮಾತ್ರ ಆದಷ್ಟು ಗಟ್ಟಿಮುಟ್ಟಾಗಿ ನಡೆಯುತ್ತಾರೆ. ಬಲಗಾಲು ಎಳೆಯದಂತೆ ನೋಡಿಕೊಳ್ಳುತ್ತಾರೆ.

ಕಳೆದ ತಿಂಗಳು ಅವರಿಗೆ ಒಂದು ಸಂಸಾರದ ಚಿತ್ರದಲ್ಲಿ ಕೆಲಸ ಸಿಕ್ಕಿತು. ಪಾತ್ರದ ಹೆಸರು 'ನೆರೆಮನೆಯ ಮುದುಕ'. ನಾಯಕಿ ಗಂಡನೊಡನೆ ಜಗಳವಾಡಿ ಬೀದಿಗೆ ಓಡಿ ಬರುತ್ತಾಳೆ. ಒಣ ಎಲೆ ಗುಡಿಸುವ ಕುಂಟೆ ಹೊತ್ತು ಮನೆಯತ್ತ ಹೊರಟ ಮುದುಕನನ್ನು ಕೂಗಿ ಕರೆಯುತ್ತಾಳೆ. ಅವನು ಬೆನ್ನು ತಿರುಗಿಸಿಕೊಂಡೇ ಕೈ ಬೀಸಿ ಹೋಗಿಬಿಡುತ್ತಾನೆ. ಅವಳು ಎಷ್ಟು ಒಂಟಿ ಎಂದು ತೋರಿಸುವ ದೃಶ್ಯ ಅದು.

ತಾಲೀಮಿನ ಹೊತ್ತಿಗೆ ನಾಯಕನಟಿ ತಡವರಿಸಿದಳು: "ಇವರನ್ನ ಏನಂತ ಕರೀಲಿ?"

ನಿರ್ದೇಶಕ ಇನ್ನೂ ಎಳೆಯ, ನಾಟಕರಂಗದಿಂದ ಬಂದವನು. "ಇಷ್ಟು ವರ್ಷ ಪಕ್ಕದ ಮನೇಲಿರೋರಿಗೆ ಹೆಸರಿಲ್ದೆ ಇರುತ್ತಾ? ನೀವೇ ಒಂದು ಹೇಳಿ ಸರ್," ಎಂದ.

ಕೆಲಸದ ಜಾಗದಲ್ಲಿ ಅವರ ಅಭಿಪ್ರಾಯ ಕೇಳಿದ್ದು ಅದೇ ಮೊದಲಿರಬೇಕು. ಕ್ರೌಡರ್ ಕುಂಟೆಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

"ರಾಯ್ ಅನ್ನಿ," ಎಂದರು.

ಕ್ಯಾಮೆರಾ ಓಡಿತು. ನಟಿ ಒಳ್ಳೆಯ ಗಂಟಲಿನವಳು, ಬೀದಿಯ ತುದಿಯಿಂದ ಜೀವ ಬಿಟ್ಟು ಕೂಗಿದಳು. ಕುಂಟೆ ಹೊತ್ತು ಹೋಗುತ್ತಿದ್ದ ಮುದುಕ ನಿಂತ. ಚಿತ್ರಕಥೆಯಲ್ಲಿ ಇಲ್ಲದಿದ್ದರೂ, ಯಾರೂ ಹೇಳದಿದ್ದರೂ, ನಿಧಾನಕ್ಕೆ ಪೂರ್ತಿ ತಿರುಗಿ, ಅವಳನ್ನು ನೋಡಿದ.

ಚಿತ್ರೀಕರಣ ನಿಂತ ಮೇಲೆ ನಿರ್ದೇಶಕ ಹತ್ತಿರ ಬಂದ. "ತಿರುಗಿ ಅಂತ ನಾನು ಹೇಳಿರ್ಲಿಲ್ವಲ್ಲ."

"ಹೇಳಿರ್ಲಿಲ್ಲ ಸರ್. ಇನ್ನೊಂದ್ಸಲ ಬೇಕಿದ್ರೆ ಸರಿಯಾಗಿ ಮಾಡ್ತೀನಿ."

ನಿರ್ದೇಶಕ ಕತ್ತು ಕೆರೆದುಕೊಂಡ. "ಬೇಡ, ಇರ್ಲಿ. ಚೆನ್ನಾಗಿದೆ. ಉಳಿಯುತ್ತೆ ಅಂತ ಮಾತ್ರ ಹೇಳೋಕಾಗಲ್ಲ. ಪಿಕ್ಚರು ಉದ್ದ ಆಗಿದೆ, ಎಲ್ಲಿ ಕತ್ತರಿಸೋದು ಅಂತ ಹುಡುಕ್ತಿದ್ದಾರೆ."

ಚಿತ್ರ ವಸಂತಕ್ಕೆ ಬಿಡುಗಡೆಯಾಗುತ್ತದೆ. ದೊಡ್ಡ ಊರುಗಳನ್ನು ಮುಗಿಸಿ ಕ್ಯಾನ್ಸಸ್‌ನ ಸಣ್ಣ ಊರುಗಳಿಗೆ ತಲುಪುವಾಗ ಗೋಧಿ ಕೊಯ್ಲಾಗಿರುತ್ತದೆ. ಐಡಾ ಅವರಿಗೆ ತಿಳಿಸಲು ಕ್ರೌಡರ್ ಬಳಿ ಬೇರೆ ದಾರಿಯಿಲ್ಲ. ಅಂಗಳದ ಬಾಗಿಲವರೆಗೆ ಬಂದು ಬೀಳ್ಕೊಡುವಾಗ, ಇಷ್ಟು ಕಾಲ ದುಡಿದಿದ್ದೀರಿ, ಇನ್ನು ಏನಾಗಬೇಕು ಎಂದು ಆಸೆ ಎಂಬ ಪ್ರಶ್ನೆಗೆ ಅವರ ಉತ್ತರ ಇಷ್ಟೇ:

"ಆ ಕತ್ತರಿ ಹಿಡಿದಿರೋ ಪುಣ್ಯಾತ್ಮ, ನಾನು ತಿರುಗೋ ಹೊತ್ತಿಗೆ ಕಾಫಿಗೆ ಎದ್ದು ಹೋಗಿದ್ರೆ ಸಾಕಪ್ಪ."